ಕರೆಂಟು ಬರದ ತಂತಿಗಾಗಿ ಒಂದು ಜಗಳ

ದಸರೆಯ ದಿನ, ಬೆಳಗಿನ ಜಾವ. ಸೊಲ್ಲಾಪುರದ ಸಾಖರಪೇಠೆಯ ಹಿಂದಿನ ಗಲ್ಲಿಗೆ ಇನ್ನೂ ಬೆಳಕು ಇಳಿದಿಲ್ಲ. ಬಾಲರಾಜ ಸಾವಕಾರರ ಮಗ್ಗದ ಶೆಡ್ಡಿನಲ್ಲಿ ಸುಲೋಚನಾ ಚಿಟ್ಯಾಲ ಸ್ಟೂಲಿನ ಮೇಲೆ ನಿಂತು, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಮೇನ್ ಸ್ವಿಚ್ಚಿನ ಡಬ್ಬಿಯೊಳಗಿಂದ ಚೆಂಡುಹೂ ಹೆಕ್ಕುತ್ತಿದ್ದಾರೆ. ಒಂದೆರಡು ಎಸಳಾಗಿದ್ದರೆ ಹೋಗಲಿ ಅನ್ನಬಹುದಿತ್ತು. ಹಿಡಿಹಿಡಿ ಹೂವು ಬರುತ್ತಿದೆ. ಹೂವಿನ ಹಿಂದೆ ಅರಿಶಿನದ ರಾಡಿ, ರಾಡಿಯ ಹಿಂದೆ ಅಕ್ಕಿಕಾಳು, ವಾಯರು ಒಳಗೆ ಹೋಗುವ ತೂತಿನಲ್ಲಿ ಉರಿದು ಮುಗಿದ ಊದಿನಕಡ್ಡಿ.

ಟಾರ್ಚು ಬಾಯಿಂದ ತೆಗೆದ ಕೂಡಲೇ ಶುರು. "ದೇವರಿಗೆ ಹಾಕ್ರಿ ಹೂವಾ, ಬ್ಯಾಡ ಅಂತೀನೇನು? ಮೇನಿನ ಹೊಟ್ಟ್ಯಾಗ ಯಾಕ ತುರುಕ್ತೀರಿ? ಅದಕ್ಕೇನು ಹಸಿವ್ಯಾಗೇತೇನು?"

ಕೆಳಗೆ ನಿಂತ ಬಾಲರಾಜ ಸಾವಕಾರರು ತಲೆ ಕೆರೆದುಕೊಳ್ಳುತ್ತಾರೆ. ನಿನ್ನೆ ಖಂಡೇನವಮಿ. ಮಗ್ಗ, ಮೋಟರು, ಲಾಳಿ, ತಕ್ಕಡಿ, ಸ್ಕೂಟರು ಎಲ್ಲಕ್ಕೂ ಪೂಜೆ ಆಗಿದೆ. ಎಲ್ಲವನ್ನೂ ನಡೆಸುವ ಕರೆಂಟನ್ನು ಬಿಟ್ಟರೆ ಹೇಗೆ? ಮೇನಿಗೂ ಕಲಶದ ನೀರು, ಮೇನಿಗೂ ತೆಂಗಿನಕಾಯಿ. ಪೂಜೆ ಮುಗಿಸಿ ಸಂಜೆ ಶಾಸ್ತ್ರಕ್ಕೆಂದು ಮಗ್ಗ ಶುರು ಮಾಡಿದ್ದಾರೆ. ಐದು ನಿಮಿಷಕ್ಕೆ ಮೇನು ಚಟಪಟ ಅಂದು, ಹೊಗೆ ಉಗುಳಿ, ಸುಮ್ಮನಾಗಿದೆ. ಇವತ್ತು ದಸರೆಯ ಮುಹೂರ್ತಕ್ಕೆ ನಾಲ್ಕು ಎಳೆಯಾದರೂ ನೇಯದಿದ್ದರೆ ವರ್ಷವೆಲ್ಲ ಶೆಡ್ಡಿಗೆ ಒಳ್ಳೆಯದಲ್ಲ ಎಂದು ನಸುಕಿನಲ್ಲೇ ಸುಲೋಚನಾರನ್ನು ಎಬ್ಬಿಸಿ ಕರೆತಂದಿದ್ದಾರೆ.

ಈ ಅಂಕಣಕ್ಕಾಗಿ ನಾನು ಸುಲೋಚನಾರ ಬೆನ್ನು ಹತ್ತಿ ಬಹಳ ದಿನವಾಗಿತ್ತು. ಕೇಳಿದಾಗೆಲ್ಲ "ಬಿಡುವಿಲ್ರಿ" ಅನ್ನುತ್ತಿದ್ದರು. ಕೊನೆಗೊಮ್ಮೆ, "ದಸರಾ ದಿನ ಬರ್ರಿ. ಅವತ್ತು ನನ್ನ ಬಾಯಿ ತಾನಾಗೇ ನಡೀತಿರತೈತಿ, ನೀವು ಕೇಳೂದs ಬ್ಯಾಡ" ಅಂದರು. ಆ ಮಾತು ಎಷ್ಟು ನಿಜ ಅನ್ನುವುದು ಈಗ ಗೊತ್ತಾಗುತ್ತಿದೆ.

ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ, ಕಾಲಿಗೆ ರಬ್ಬರ್ ಬೂಟು, ಸೊಂಟಕ್ಕೊಂದು ಜಿಪ್ಪಿನ ಚೀಲ. ಆ ಚೀಲದಲ್ಲಿ ಟೆಸ್ಟರು, ಪಕ್ಕಡ ಏನೂ ಇರುವುದಿಲ್ಲ. ಅವೆಲ್ಲ ಸ್ಕೂಟರಿನ ಡಿಕ್ಕಿಯಲ್ಲಿ. ಚೀಲ ಇರುವುದು ಫ್ಯೂಸಿಗೆ. ಯಾವ ಶೆಡ್ಡಿಗೆ ಹೋದರೂ ಮೊದಲು ಬೋರ್ಡಿನಿಂದ ಬಿಳಿ ಪಿಂಗಾಣಿಯ ಫ್ಯೂಸುಗಳನ್ನು ಕೀಳುತ್ತಾರೆ, ಚೀಲಕ್ಕೆ ಹಾಕುತ್ತಾರೆ, ಜಿಪ್ ಎಳೆಯುತ್ತಾರೆ. ಕೆಲಸ ಮುಗಿಯುವ ತನಕ ಅವು ಅವರ ಸೊಂಟದಲ್ಲೇ. ಬೋರ್ಡಿನ ಮೇಲೆ ಇಟ್ಟು ಹೋಗಿ, ನಾವು ನೋಡಿಕೊಳ್ಳುತ್ತೇವೆ ಅಂದರೆ ಅವರ ಮುಖ ನೋಡಬೇಕು.

ಅದಕ್ಕೆ ಕಾರಣ ಮನೆಯಲ್ಲಿದೆ. ಗಂಡ ಅಂಬಾದಾಸ ಈ ಗಲ್ಲಿಯ ವಾಯರ್‌ಮನ್ ಆಗಿದ್ದವರು. ಸುಲೋಚನಾ ಆಗ ಮನೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಒಂದು ದಿನ ಅಂಬಾದಾಸ ಫ್ಯೂಸು ಕಿತ್ತು ಬೋರ್ಡಿನ ಮೇಲಿಟ್ಟು, ಏಣಿ ಹತ್ತಿ ಮೇಲಿನ ಲೈನು ಬಿಚ್ಚುತ್ತಿದ್ದಾಗ ಕೆಳಗೆ ಯಾರೋ ಫ್ಯೂಸು ತಿರುಗಿ ಹಾಕಿಬಿಟ್ಟರು. ಮಗ್ಗದ ಮೇಲಿನ ಬಟ್ಟೆಯ ಥಾನು ಮುಗಿಯಲು ಸ್ವಲ್ಪವೇ ಉಳಿದಿತ್ತಂತೆ. ಅಂಬಾದಾಸ ಏಣಿಯಿಂದ ಬಿದ್ದರು, ಬದುಕಿಕೊಂಡರು. ಬಲಗೈ ಬೆರಳು ಮಾತ್ರ ಅವತ್ತಿನಿಂದ ಮಡಚುವುದಿಲ್ಲ.

ಯಾರು ಹಾಕಿದ್ದು ಅಂತ ಕೇಳಿದರೆ ಸುಲೋಚನಾ ಹೆಸರು ಹೇಳುವುದಿಲ್ಲ. "ಹಾಕಿದವರಿಗೆ ಗೊತ್ತೈತಿ. ನಾ ಎದುರು ಬಂದ್ರ ಆ ಕಡೆ ಗಲ್ಲಿ ಹಿಡೀತಾರ. ಅವರ ಮ್ಯಾಲೆ ಸಿಟ್ಟಿಲ್ರಿ ನನಗ. ಮನಷ್ಯಾ ಸತ್ರೂ ಚಿಂತಿಲ್ಲ, ಬಟ್ಟಿ ಇಳೀಬೇಕು ಅಂತಾರಲ್ಲ, ಆ ಅವಸರದ ಮ್ಯಾಲೆ ಸಿಟ್ಟು. ಆ ಅವಸರ ಇನ್ನೂ ಈ ಗಲ್ಲಿಯಾಗ ಆರಾಮ ಅಡ್ಡಾಡಕೊಂಡೈತಿ."

ಕೆಲಸ ಕಲಿತದ್ದು ಗಂಡನಿಂದಲೇ. ಅವರು ಮಂಚದ ಮೇಲೆ ಕೂತು ಬಾಯಲ್ಲಿ ಹೇಳುವುದು, ಇವರು ಹಳೆಯ ಬೋರ್ಡು ಬಿಚ್ಚಿ ಕಟ್ಟುವುದು. ಆಮೇಲೆ ಹಟ ಹಿಡಿದು ವಾಯರ್‌ಮನ್ ಪರೀಕ್ಷೆಗೂ ಕೂತರು. ಪರೀಕ್ಷೆಯ ದಿನ ಬಾಗಿಲಲ್ಲಿ ನಿಂತ ಪೇದೆ, "ಯಾರನ್ನ ಬಿಡಾಕ ಬಂದೀರಿ ಬಾಯಿ? ಹೊರಗ ನೆರಳಿನ್ಯಾಗ ಕೂಡ್ರಿ" ಅಂದನಂತೆ. ಪಾಸಾದರು, ಪರವಾನಗಿಯೂ ಬಂತು. ಗಲ್ಲಿಯ ಬಾಯಿಗೆ ಮಾತ್ರ ಅದು ಇನ್ನೂ ಬಂದಿಲ್ಲ. ಫೋನು ಬಂದರೆ ಇವತ್ತಿಗೂ ಮೊದಲ ಮಾತು, "ಅಂಬಾದಾಸ ಅಣ್ಣಾ ಅದಾನೇನ್ರಿ?"

"ಅವರು ಬರೂದಿಲ್ರಿ, ನಾ ಬರ್ತೀನಿ ಅಂತೀನಿ. ಹೌದಾ, ಹಂಗಾರ ನಾಳಿ ಅವರನ್ನs ಕಳಸ್ರಿ ಅಂತಾರ. ಅವರ ಕೈಗೆ ಚಾದ ಕಪ್ಪು ಹಿಡಿಯಾಕ ಆಗವಲ್ದು, ಇವರ ಮೋಟರ್ ಬಿಚ್ಚತಾರೇನು? ಎಷ್ಟ ಮಂದಿಗಂತ ಹೇಳಲಿ? ಈಗ ಹೇಳೂದs ಬಿಟ್ಟೀನಿ. ಹೂಂ, ಅದಾರ, ಕಳಸ್ತೀನಿ ಅಂತ ಫೋನ್ ಇಡ್ತೀನಿ. ಆಮ್ಯಾಲೆ ನಾನs ಹೋಗ್ತೀನಿ."

ಇತ್ತ ಶೆಡ್ಡಿನಲ್ಲಿ ಮೇನು ಒರೆಸಿ ಒಣಗಿಸಿದ್ದಾಯಿತು. ಕಿತ್ತಿಟ್ಟ ಫ್ಯೂಸುಗಳನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡುತ್ತಾರೆ. ಒಳಗೆ ಕೂದಲೆಳೆಯಂಥ ಫ್ಯೂಸು ತಂತಿ ಇರಬೇಕಾದ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿದೆ.

"ಇದೇನ್ರೀ ಸಾವಕಾರ್ರ? ಇದು ಫ್ಯೂಸೋ, ಎತ್ತು ಕಟ್ಟೂ ಹಗ್ಗೋ?"

"ಮ್ಯಾಲಿಂದ ಮ್ಯಾಲೆ ಹೋಗ್ತಿತ್ತಕ್ಕಾ. ಮಗ್ಗ ನಿಲ್ತಿದ್ವು."

"ಹೋಗಾಕಂತs ಅದನ್ನ ಇಟ್ಟಿದ್ದು! ಅದು ಹೋಗಲಿಲ್ಲ ಅಂದ್ರ ಶೆಡ್ ಹೋಕ್ಕೈತಿ. ಸುತ್ತ ಹತ್ತಿ ಧೂಳು, ಮ್ಯಾಲೆ ನಿಮ್ಮ ಮನಿ. ತಿಳೀತೈತೋ ಇಲ್ಲೋ?"

ಸಾವಕಾರರು ಹೂಂ ಅನ್ನುತ್ತಾರೆ. ಹೋದ ವರ್ಷವೂ ಹೀಗೇ ಹೂಂ ಅಂದಿದ್ದರಂತೆ.

ಅಷ್ಟರಲ್ಲಿ ರಾಜಮಣಿ ಒಳಗೆ ಬಂದಳು. ಈ ಶೆಡ್ಡಿನಲ್ಲಿ ಕಂಡಿಕೆ ಸುತ್ತುವವಳು ಅವಳೇ. ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಯಂತ್ರದ ಮುಂದೆ ದಿನವಿಡೀ ಬರಿಗಾಲಲ್ಲಿ ನೆಲದ ಮೇಲೆ ಕೂತಿರುತ್ತಾಳೆ. ತಲೆತುಂಬ ಹೂವು ಮುಡಿದು, ಹೊಸ ಸೀರೆ ಉಟ್ಟು ಮುಹೂರ್ತಕ್ಕೆ ಬಂದಿದ್ದಾಳೆ. ಸುಲೋಚನಾರನ್ನು ಕಂಡದ್ದೇ ಅವಳ ಮುಖ ಅರಳಿತು.

"ಅಕ್ಕಾ, ನಿನ್ನಿ ದೇವಿ ಅಂಬಾಬಾಯಿ ನನ್ನ ಮೈಮ್ಯಾಲೆ ಬಂದಿದ್ಲು, ಗೊತ್ತೇನು? ಪೂಜಿ ಆಗಿ ಮಷೀನ್ ಚಾಲೂ ಮಾಡಿ ಕೈ ಇಟ್ನಲ್ಲಾ, ಭುಜದ ತನಕ ಜುಮ್ಮಂತು. ಕೈ ಮುಗದುಬಿಟ್ಟೆ. ಇಷ್ಟ ವರ್ಷದಾಗ ಒಮ್ಮೀನೂ ಬಂದಿರಲಿಲ್ಲ ತಾಯಿ."

ಇಲ್ಲಿಯ ತನಕ ಒಂದೇ ಸಮ ಬೈಯುತ್ತಿದ್ದ ಸುಲೋಚನಾ ಮಾತು ನಿಲ್ಲಿಸಿದರು. ಸ್ಟೂಲಿನಿಂದ ಇಳಿದು ಹೊರಗೆ ಹೋಗಿ ಡಿಕ್ಕಿಯಿಂದ ಒಂದು ಬಲ್ಬು ತಂದರು. ಹೋಲ್ಡರಿಗೆ ಸಿಕ್ಕಿಸಿದ ಬಲ್ಬು, ಅದರಿಂದ ಎರಡು ವಾಯರು. ಫ್ಯೂಸುಗಳಿಗೆ ಸರಿಯಾದ ತಂತಿ ಸುತ್ತಿ, ಉಳಿದದ್ದೆಲ್ಲ ಬಂದ್ ಇಟ್ಟು, ಕಂಡಿಕೆ ಯಂತ್ರಕ್ಕೆ ಮಾತ್ರ ಕರೆಂಟು ಬಿಟ್ಟರು. "ಯಾರೂ ಮುಟ್ಟಬ್ಯಾಡ್ರಿ" ಅಂದು ಒಂದು ವಾಯರನ್ನು ಯಂತ್ರದ ಮೈಗೆ ಹಿಡಿದರು. ಇನ್ನೊಂದನ್ನು ಗೋಡೆಗುಂಟ ಹೋಗುವ ಅರ್ಥಿಂಗ್ ತಂತಿಗೆ ತಾಕಿಸಬೇಕೆಂದು ಕೈ ಚಾಚಿದರೆ ಅಲ್ಲಿ ತಂತಿಯೇ ಇಲ್ಲ. ಸಾಲಾಗಿ ಬರೀ ಮೊಳೆಗಳು.

"ಅರ್ಥಿಂಗ್ ಎಲ್ಲಿ?"

ಸಾವಕಾರರ ಕಣ್ಣು ತಾನಾಗಿ ಬಾಗಿಲ ಕಡೆ ಹೋಯಿತು. ಬಾಗಿಲಿಗೆ ಅಡ್ಡಲಾಗಿ, ಮೂರು ಸುತ್ತು ಇಳಿಬಿಟ್ಟ ಭರ್ಜರಿ ಚೆಂಡುಹೂವಿನ ತೋರಣ. ಹೂವೆಲ್ಲ ಪೋಣಿಸಿದ್ದು ಅರ್ಥಿಂಗಿನ ಆ ಕಬ್ಬಿಣದ ತಂತಿಗೆ.

"ಹೂವಿನ ಭಾರಕ್ಕ ದಾರ ಹರೀತೈತಿ ಅಂತ ಅವ್ವ ತಂತಿ ಬೇಡಿದ್ಲಕ್ಕಾ" ಅಂದರು ಸಾವಕಾರರು. "ಅದರಾಗ ಕರೆಂಟs ಬರೂದಿಲ್ಲಲ್ಲ. ವರ್ಷಗಟ್ಟಲೆ ಸುಮ್ನ ಗ್ವಾಡಿಗೆ ಜೋತಾಡಕೋತ ಇತ್ತು."

ಸುಲೋಚನಾ ಹಣೆ ಬಡಿದುಕೊಂಡರು. ಮಾತಿಗಲ್ಲ, ನಿಜವಾಗಿಯೂ ಅಂಗೈಯಿಂದ ಪಟಾರನೆ ಬಡಿದುಕೊಂಡರು. ಆಮೇಲೆ ಉದ್ದದ ವಾಯರೊಂದನ್ನು ಜೋಡಿಸಿ, ಹೊರಗೋಡೆಯ ಬುಡದಲ್ಲಿರುವ ಅರ್ಥಿಂಗ್ ಗುಂಡಿಯ ಪೈಪಿಗೆ ಕಟ್ಟಿ ಬಂದು, ಮತ್ತೆ ಯಂತ್ರದ ಮೈಗೆ ಹಿಡಿದರು. ಬಲ್ಬು ಹತ್ತಿತು. ಚೆನ್ನಾಗಿಯೇ ಹತ್ತಿತು.

"ನೋಡಿದ್ಯೇನs ರಾಜಮಣಿ ನಿನ್ನ ಅಂಬಾಬಾಯೀನ? ಪೂಜಿ ನೀರು ಮೋಟರಿನ್ಯಾಗ ಹೋಗೇತಿ, ಕರೆಂಟ್ ಮೈಗೆ ಹತ್ತೇತಿ. ಅದು ನೆಲಕ್ಕ ಇಳಿಯಾಕ ಇದ್ದದ್ದು ಆ ತಂತಿ ಒಂದs. ಅದನ್ನ ಕಿತ್ತು ಇವರು ಹೂವಾ ಕಟ್ಯಾರ. ಈಗ ಅದು ಇಳೀಬೇಕಂದ್ರ ನಿನ್ನ ಮೈಯಾಗ ಹಾದು ಇಳೀಬೇಕು. ನಿನ್ನಿ ಮೇನು ಸುಟ್ಟು ನಿಂತದ್ದು ನಿನ್ನ ಪುಣ್ಯೆ. ಇಲ್ಲಾಂದ್ರ ತೊಳದ ಹಸಿ ನೆಲದ ಮ್ಯಾಲೆ ಬರಿಗಾಲಾಗ ಕುಂತಾಕಿ, ಅಲ್ಲೇ ಅಂಟಕೊಂಡು ಹೋಗ್ತಿದ್ದಿ."

ರಾಜಮಣಿ ಹಿಂದೆ ಸರಿದು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಸಾವಕಾರರು ಗಡಿಯಾರ ನೋಡಿದರು.

"ಹಂಗಾರ ಆ ಮಷೀನ್ ಒಂದು ಬಂದ್ ಇಡೂಣಕ್ಕಾ. ಮಗ್ಗ ಚಾಲೂ ಮಾಡಿಬಿಡ್ರಿ. ಮುಹೂರ್ತ ಹೊಂಟೈತಿ."

ಸುಲೋಚನಾ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತರು, ಚೀಲಕ್ಕೆ ಹಾಕಿದರು, ಜಿಪ್ ಎಳೆದರು. ಹೋಗಿ ಹೊಸ್ತಿಲ ಮೇಲೆ ಕೂತುಬಿಟ್ಟರು.

"ಆ ತಂತಿ ಅದರ ಜಾಗಾಕ್ಕ ಬರೂ ತನಕ ಫ್ಯೂಸ್ ಇಲ್ಲೇ. ಎಲ್ಲಾ ಮಗ್ಗಕ್ಕೂ ಇರೂದು ಅದೊಂದs ತಂತಿ. ನೀರು ಎಲ್ಲಾದಕ್ಕೂ ಹೊಡದೀರಿ. ಇವತ್ತು ಇದು, ನಾಳಿ ಯಾವದೋ."

ಸದ್ದು ಕೇಳಿ ಸಾವಕಾರರ ತಾಯಿ ನರ್ಸವ್ವ ಮೆಟ್ಟಿಲಿಳಿದು ಬಂದರು. ತೋರಣ ಪೋಣಿಸಿದವರು ಅವರೇ. ವಿಷಯ ತಿಳಿದು ಕೆಂಡವಾದರು. "ದಸರಾ ದಿನ ಕಟ್ಟಿದ ತೋರಣ ಇಳಸ್ತಾರೇನ ಹುಚ್ಚೀ? ನೀನೂ ನಮ್ಮ ಕುಲದಾಕಿನೇ ಅಲ್ಲೇನು? ಮನಿಗೆ ಕೇಡು ಬಯಸ್ತಿಯೇನ?"

"ಕೇಡು ಬ್ಯಾಡಂತs ಕುಂತೀನವ್ವಾ."

ಬೇರೆ ತಂತಿ ತಂದು ಹಾಕಬಾರದೇ ಅಂತ ನಾನು ನಡುವೆ ಬಾಯಿ ಹಾಕಿದೆ. ಸುಲೋಚನಾ ನನ್ನ ಕಡೆ ತಿರುಗಿದರು. ತಿರುಗಿದ ರೀತಿಗೆ ಯಾಕಾದರೂ ಕೇಳಿದೆನೋ ಅನ್ನಿಸಿತು. "ಇವತ್ತು ಯಾವ ಅಂಗಡಿ ತಗದೈತ್ರಿ? ತಗದಿದ್ರೂ ನಾ ತರೂದಿಲ್ಲ. ಹೊಸಾದು ಹಾಕಿದ್ರ ಮುಂದಿನ ವರ್ಷ ಎರಡು ತೋರಣ ಆಗ್ತಾವ, ಅಷ್ಟs!"

ಸಾವಕಾರರಿಗೆ ತಾಳ್ಮೆ ತಪ್ಪಿತು. ಪಕ್ಕದ ಪೇಠೆಯ ಇನ್ನೊಬ್ಬ ವಾಯರ್‌ಮನ್‌ಗೆ ಅಲ್ಲೇ ಫೋನು ಹಚ್ಚಿದರು. ಆತ ಸ್ನಾನ ಮುಗಿಸಿ ಬರುತ್ತೇನೆ, ಫ್ಯೂಸು ಇಲ್ಲದಿದ್ದರೆ ನೇರ ತಂತಿ ಹಾಕಿ ಶುರು ಮಾಡೋಣ ಅಂದ. ಫೋನಿಟ್ಟು ಸಾವಕಾರರು ಅಂದರು, "ಅಕ್ಕಾ, ಸಿಟ್ಟಾಗಬ್ಯಾಡ್ರಿ. ಇನ್ನ ಮುಂದ ಈ ಶೆಡ್ಡಿನ ಕೆಲಸಕ್ಕ ನಿಮಗ ತ್ರಾಸ ಕೊಡೂದಿಲ್ಲ."

ಮಾತು ಮೆತ್ತಗಿದ್ದರೂ ಅರ್ಥ ಮೆತ್ತಗಿರಲಿಲ್ಲ. ಈ ಗಲ್ಲಿಯ ಅರ್ಧ ಶೆಡ್ಡುಗಳು ಸಾವಕಾರರ ಬೀಗರವು, ದಾಯಾದಿಗಳವು. ಇಲ್ಲಿ ಬಾಗಿಲು ಮುಚ್ಚಿದರೆ ಉಳಿದ ಕಡೆಯೂ ಮುಚ್ಚಿದ ಹಾಗೆಯೇ. ಗಂಡನ ಕೈ ಹೋದಮೇಲೆ ಒಂದೊಂದೇ ಬಾಗಿಲು ತಟ್ಟಿ ತೆಗೆಸಿಕೊಂಡ ಗಲ್ಲಿ ಇದು. ಸುಲೋಚನಾರ ಕಣ್ಣಲ್ಲಿ ನೀರು ತುಂಬಿತು. ಅದು ದುಃಖದ್ದಲ್ಲ, ಬೇಸತ್ತವರ ನೀರು. ಅಂಗಿಯ ತೋಳಿನಿಂದ ಒರೆಸಿಕೊಂಡು, "ಸಾಕಾಗೇತ್ರಿ ನನಗ. ಕೆಲಸ ಮಾಡಿ ಸಾಕಾಗಿಲ್ಲ, ಹೇಳಿ ಹೇಳಿ ಸಾಕಾಗೇತಿ" ಅಂದರು. ಆದರೆ ಚೀಲದ ಜಿಪ್ಪಿಗೆ ಕೈ ಹಾಕಲಿಲ್ಲ.

ಕೂತಲ್ಲಿಂದಲೇ ತಲೆಯೆತ್ತಿ ತೋರಣ ನೋಡುತ್ತಿದ್ದರು. ಆ ಮೂಲೆಯಿಂದ ಈ ಮೂಲೆಯ ತನಕ ನೋಡಿ, ಕಡೆಗೆ ಎದ್ದು ನಿಂತರು.

"ಅವ್ವಾ, ಇವತ್ತು ತೋರಣ ಇಳಸಬಾರದು. ಹೌದಲ್ಲ?"

"ಹೌದು."

"ತೋರಣದಾಗಿನ ತಂತಿ ಇಳಸಬಾರದು ಅಂತ ಏನರ ಐತೇನು?"

ನರ್ಸವ್ವ ಯೋಚಿಸಿದರು. ಅಂಥ ಶಾಸ್ತ್ರ ಅವರಿಗೂ ಗೊತ್ತಿರಲಿಲ್ಲ.

"ಹಂಗಾರ ಒಂದಿಷ್ಟು ನೂಲು ಕೊಡ್ರಿ. ನೇಕಾರರ ಮನ್ಯಾಗ ಕುಂತು ನೂಲು ಬೇಡೂ ಹಣೇಬರ ನಂದು! ಸುತ್ತ ನೂಲಿನ ಗುಡ್ಡ ಇಟ್ಟಕೊಂಡು, ಹೂವಾ ಪೋಣಸಾಕ ಅರ್ಥಿಂಗ್ ಕೀಳ್ತಾರಂದ್ರ ಏನಂತ ಹೇಳಲಿ?"

ಚಾದರ ನೇಯುವ ದಪ್ಪ ನೂಲನ್ನು ರಾಜಮಣಿ ಹಲವು ಎಳೆ ಸೇರಿಸಿ ಹೊಸೆದು ಕೊಟ್ಟಳು. ಸುಲೋಚನಾ ಸ್ಟೂಲು ಹತ್ತಿ, ತಂತಿಯ ಒಂದು ತುದಿ ಬಿಚ್ಚಿ, ಅದಕ್ಕೆ ನೂಲಿನ ತುದಿ ಬಿಗಿದು, ಗಂಟಿನ ಮೇಲೆ ಟೇಪು ಸುತ್ತಿ ನುಣುಪು ಮಾಡಿದರು. ಗೋಡೆಯೊಳಗಿನ ಪೈಪಿನಲ್ಲಿ ಹಳೆಯ ವಾಯರು ಬದಲಿಸುವಾಗ ಇವರು ಮಾಡುವುದು ಇದನ್ನೇ. ಹಳೆಯದರ ಬಾಲಕ್ಕೆ ಹೊಸದು ಕಟ್ಟಿ ಆ ಕಡೆಯಿಂದ ಎಳೆಯುವುದು. ಹಳೆಯದು ಹೊರಗೆ ಬಂದ ಹಾಗೆ ಹೊಸದು ಅದರ ಜಾಗಕ್ಕೆ ಬರುತ್ತದೆ.

"ರಾಜಮಣಿ, ಹೂವಾ ಅಂಗೈಯಾಗ ಹಿಡಿ. ಸಾವಕಾರ್ರ, ನೀವು ಆ ಕಡಿಂದ ಜಗ್ಗ್ರಿ. ಸಾವಕಾಶ! ಥಾನ್ ಎಳದಂಗ ಎಳೀಬ್ಯಾಡ್ರಿ."

ಸಾವಕಾರರು ಎಳೆದರು. ತಂತಿ ಚೆಂಡುಹೂವಿನ ಹಳದಿ ಮೆತ್ತಿಕೊಂಡು ಈ ಕಡೆ ಬಂತು, ನೂಲು ಹೂವಿನೊಳಗೆ ಹೋಯಿತು. ತೋರಣ ನೇತಾಡಿದಲ್ಲೇ ನೇತಾಡುತ್ತಿತ್ತು. ಎರಡು ಹೂವು ಮಾತ್ರ ಉದುರಿದವು. ನರ್ಸವ್ವ "ಅಯ್ಯ" ಅಂದು ಬಗ್ಗಿ ಎತ್ತಿಕೊಂಡು, ಏನು ಮಾಡಬೇಕೆಂದು ತಿಳಿಯದೆ ತಮ್ಮ ತುರುಬಿಗೇ ಸಿಕ್ಕಿಸಿಕೊಂಡರು.

ಮುಂದಿನದು ಸುಲೋಚನಾರಿಗೆ ದಿನದ ಕೆಲಸ. ತಂತಿ ನೆಟ್ಟಗೆ ಮಾಡಿ, ಒರೆಸಿ, ಮೊಳೆಗೆ ಬಿಗಿದು, ಮಗ್ಗ ಮಗ್ಗಕ್ಕೂ ಜೋಡಿಸಿ, ಕೊನೆಯ ತುದಿಯನ್ನು ಗುಂಡಿಯ ಪೈಪಿಗೆ ಬೋಲ್ಟು ಹಾಕಿ ತಿರುವಿದರು. ಆಮೇಲೆ ಬೇಕೆಂತಲೇ ಕಂಡಿಕೆ ಯಂತ್ರದ ಮೋಟರು ರಿಪೇರಿ ಮಾಡದೆ, ಎಲ್ಲರನ್ನೂ ದೂರ ನಿಲ್ಲಿಸಿ, ಚೀಲದ ಫ್ಯೂಸುಗಳನ್ನು ಬೋರ್ಡಿಗೆ ಸಿಕ್ಕಿಸಿ, ಸ್ವಿಚ್ಚು ಹಾಕಿದರು. ಟಪ್ ಅಂತ ಸದ್ದಾಗಿ ಫ್ಯೂಸು ಹಾರಿತು.

"ಮತ್ತ ಹೋತಲ್ಲಕ್ಕಾ ಫ್ಯೂಸು!" ಅಂದರು ಸಾವಕಾರರು.

"ಹೋಗಬೇಕು. ರಾಜಮಣಿ ಬದಲಿ ಅದು ಹೋತು. ಈಗರ ತಿಳೀತೇನು, ಅದು ಯಾಕ ಹೋಗ್ತೈತಿ ಅಂತ?"

ಸಾವಕಾರರು ಜೇಬಿನಿಂದ ಫೋನು ತೆಗೆದು ಸ್ವಲ್ಪ ದೂರ ಹೋಗಿ ನಿಂತರು. ದನಿ ತಗ್ಗಿಸಿ ಮಾತಾಡಿದರೂ ಕೇಳಿಸಿತು. "ಬ್ಯಾಡ, ಬರಬ್ಯಾಡ್ರಿ. ನಮ್ಮ ವಾಯರ್‌ಮನ್ ಇಲ್ಲೇ ಅದಾರ." ಸುಲೋಚನಾರಿಗೂ ಕೇಳಿಸಿರಬೇಕು. ಕೇಳದವರ ಹಾಗೆ ಮೋಟರಿನ ಮುಚ್ಚಳ ಬಿಚ್ಚುತ್ತಿದ್ದರು. ಒಳಗೆ ಅರಿಶಿನದ ನೀರು ನಿಂತಿತ್ತು. ವಾಯರೊಂದರ ಸಿಪ್ಪೆ ಸುಟ್ಟು ಕಬ್ಬಿಣಕ್ಕೆ ತಾಕಿತ್ತು. ನೀರು ಒರೆಸಿ ಒಣಗಿಸಿ, ವಾಯರಿಗೆ ಹೊಸ ಕೊಳವೆ ತೊಡಿಸಿ ಕಟ್ಟಿದರು. ಹಾರಿದ ಫ್ಯೂಸಿಗೆ ಹೊಸ ತಂತಿ ಸುತ್ತಿ ಮತ್ತೆ ಸ್ವಿಚ್ಚು ಹಾಕಿದರು. ಈ ಸಲ ಫ್ಯೂಸು ಹಾರಲಿಲ್ಲ.

ಮುಹೂರ್ತಕ್ಕೆಂದು ನರ್ಸವ್ವ ಕಲಶ, ಕುಂಕುಮದ ಬಟ್ಟಲು ಹಿಡಿದು ಬಂದರು. ರೂಢಿಯ ಕಾಲು, ನೇರ ಮೇನಿನ ಕಡೆಗೇ ನಡೆಯಿತು. ಸುಲೋಚನಾ ಓಡಿಹೋಗಿ ಅವರ ಮಣಿಕಟ್ಟು ಹಿಡಿದು, ಹಾಗೇ ಹೊರಗೆ ಅರ್ಥಿಂಗ್ ಗುಂಡಿಯ ಹತ್ತಿರ ಕರೆದುಕೊಂಡು ಹೋದರು.

"ಸುರೂದಾದ್ರ ಇಲ್ಲಿ ಸುರೂರಿ ಅವ್ವಾ. ಕೊಡಗಟ್ಟಲೆ ಸುರೂರಿ. ಈ ಗುಂಡಿ ಒಣಗಿದ್ರ ಕೆಲಸ ಮಾಡೂದಿಲ್ಲ. ಇದು ನೀರು ಬೇಡೂ ದೇವರು."

ನರ್ಸವ್ವ ಅನುಮಾನದಿಂದಲೇ ಕಲಶ ಬಗ್ಗಿಸಿದರು. ಪೈಪಿಗೆ ಕುಂಕುಮ ಹಚ್ಚಿದರು, ಎರಡು ಕಾಳು ಅಕ್ಷತೆ ಹಾಕಿ ಕೈ ಮುಗಿದರು. ಸುಲೋಚನಾ ಬೇಡ ಅನ್ನಲಿಲ್ಲ. ತಾವೂ ಕೈ ಮುಗಿದರು.

ನಿಮಗೇನಾದರೂ ಆಸೆ ಇದೆಯೇ ಅಂತ, ಇಂಥ ಲೇಖನಕ್ಕೆ ಕೇಳಲೇಬೇಕಾದ ಪ್ರಶ್ನೆಯನ್ನು ನಾನು ಅಲ್ಲೇ ಕೇಳಿದೆ. ಕೈ ಒರೆಸಿಕೊಳ್ಳುತ್ತ ಸ್ವಲ್ಪ ಯೋಚಿಸಿದರು. "ಎಲ್ಲಾ ಶೆಡ್ಡಿನಾಗೂ ಖಂಡೇನವಮಿ ಪೂಜಿ ಈ ಗುಂಡಿಗೇ ಆಗಲಿ. ಮೇನಿಗೆ ದೂರ ನಿಂತು ಕೈ ಮುಗದ್ರ ಸಾಕು. ಅಷ್ಟ ಆದ್ರ ದಸರಾ ದಿನ ನಾನೂ ಮನ್ಯಾಗ ಕುಂತು ಗಂಡನ ಜೋಡಿ ಬಿಸಿ ಹೋಳಿಗಿ ತಿನ್ನಬಹುದು." ಅಷ್ಟರಲ್ಲೇ ಅವರ ಫೋನು ಹೊಡೆದುಕೊಂಡಿತು. "ಹಾಂ... ಮೇನ್‌ದಾಗ ತೆಂಗಿನಕಾಯಿ ನೀರs? ಯಾರೂ ಮುಟ್ಟಬ್ಯಾಡ್ರಿ, ಬಂದೆ. ಹೂಂ ಹೂಂ, ಅಂಬಾದಾಸ ಅಣ್ಣಾನ್ನs ಕಳಸ್ತೀನಿ."

ಒಳಗೆ ಮಗ್ಗಗಳು ಖಟಖಟ ಅಂತ ಶುರುವಾದವು. ಸುಲೋಚನಾ ಚೀಲ ಸರಿಮಾಡಿಕೊಂಡು ಸ್ಕೂಟರಿನ ಹತ್ತಿರ ಹೋಗಿದ್ದಾರೆ. ಅಷ್ಟರಲ್ಲಿ ಕಂಡಿಕೆ ಯಂತ್ರದ ಮುಂದೆ ಕೂತ ರಾಜಮಣಿ ಹೆದರುತ್ತ ಹೆದರುತ್ತ ಒಂದು ಬೆರಳು ತಾಕಿಸಿದಳು, ಆಮೇಲೆ ಅಂಗೈ ಇಟ್ಟಳು, ಆಮೇಲೆ ಎರಡೂ ಕೈ ಇಟ್ಟಳು. ಶೆಡ್ಡಿನೊಳಗಿಂದಲೇ ಮಗ್ಗದ ಸದ್ದಿಗಿಂತ ಜೋರಾಗಿ ಕೂಗಿದಳು.

"ಅಕ್ಕಾ, ಏನೂ ಆಗವಲ್ದಲ್ಲ!"

"ಏನೂ ಆಗಬಾರದಂತs ಇಷ್ಟೊತ್ತು ಬಡದಾಡಿದ್ದು, ತಾಯಿ" ಅಂದು ಸುಲೋಚನಾ ಸ್ಕೂಟರಿಗೆ ಕಿಕ್ ಹೊಡೆದರು.